ರಷ್ಯಾದ ಕ್ರಾಂತಿಯ ಇತಿಹಾಸವೂ ಓದಿನ ಸಂತೋಷವೂ

ಇತಿಹಾಸವನ್ನು ಓದುವವರು ಬಹುಮಟ್ಟಿಗೆ ಎರಡು ಬಗೆಯವರು. ಪರೀಕ್ಷೆಗೆ ಕುಳಿತುಕೊಳ್ಳತಕ್ಕವನು ವಿಧಿಯಿಲ್ಲದೆ ಓದುತ್ತಾನೆ. ಪಂಡಿತನು ತನ್ನ ವಾದಕ್ಕೆ ಆಧಾರವನ್ನು ಅರಸುತ್ತ ಓದುತ್ತಾನೆ. ಇವರಿಬ್ಬರಲ್ಲದೆ ಮೂರನೆಯವನೊಬ್ಬನುಂಟು. ಅವನಿಗೆ ಪರೀಕ್ಷೆಯ ಹಂಗೂ ಇಲ್ಲ, ವಾದದ ಹಟವೂ ಇಲ್ಲ. ರಾತ್ರಿಯ ಊಟವಾದ ಬಳಿಕ ದೀಪದ ಬಳಿ ಕುಳಿತು, ದೂರದೇಶದ ಯಾವುದೋ ಒಂದು ಕಾಲದ ಕಥೆಯನ್ನು ಕೇವಲ ಸಂತೋಷಕ್ಕಾಗಿ ಓದುವವನು ಅವನು. ಇಂಥವನ ಓದನ್ನು ಕಾಲಹರಣವೆಂದು ಎಣಿಸುವುದು ಲೋಕದ ರೂಢಿ. ಆದರೆ ೧೯೧೭ನೆಯ ಇಸವಿಯ ರಷ್ಯಾದ ಕ್ರಾಂತಿಯ ಮಟ್ಟಿಗಾದರೂ ಈ ಎಣಿಕೆಯು ಸಲ್ಲದು. ಆ ಕ್ರಾಂತಿಯ ಸತ್ಯವನ್ನು ಅಳಿಸಿಬಿಡುವ ಪ್ರಯತ್ನವು ಒಂದು ಕಾಲದಲ್ಲಿ ಬಲವಾಗಿಯೇ ನಡೆಯಿತು. ಅದು ಉಳಿದುಬಂದುದಕ್ಕೆ, ಒಂದೇ ಪುಸ್ತಕದಿಂದ ತೃಪ್ತಿಪಡದೆ ಇನ್ನೊಂದನ್ನು ಕೈಗೆತ್ತಿಕೊಂಡ ಸಾಮಾನ್ಯ ವಾಚಕರೂ ಒಂದು ಕಾರಣವೆಂದರೆ ಅತಿಶಯೋಕ್ತಿಯಾಗಲಾರದು.

ಮೊದಲು ಆ ವರ್ಷದ ಘಟನಾಕ್ರಮವನ್ನು ಸಂಗ್ರಹವಾಗಿ ಹೇಳಬೇಕು. ರಷ್ಯಾದಲ್ಲಿ ಆಗ ಬಳಕೆಯಲ್ಲಿದ್ದ ಪಂಚಾಂಗವು ಪಶ್ಚಿಮ ಯೂರೋಪಿನ ಪಂಚಾಂಗಕ್ಕಿಂತ ೧೩ ದಿನ ಹಿಂದಿದ್ದಿತು. ಆದುದರಿಂದಲೇ ಮಾರ್ಚಿಯಲ್ಲಿ ನಡೆದುದಕ್ಕೆ ಫೆಬ್ರವರಿ ಕ್ರಾಂತಿಯೆಂದೂ, ನವೆಂಬರಿನಲ್ಲಿ ನಡೆದುದಕ್ಕೆ ಅಕ್ಟೋಬರ್ ಕ್ರಾಂತಿಯೆಂದೂ ಹೆಸರಾಯಿತು. ಆ ವರ್ಷದ ಸಂಗತಿಗಳಿಗೆ ಇಲ್ಲಿ ಕೊಟ್ಟಿರುವ ತಾರೀಖುಗಳು ಹಳೆಯ ಪಂಚಾಂಗದವು. ಮಹಾಯುದ್ಧವು ಮೂರನೆಯ ಚಳಿಗಾಲಕ್ಕೆ ಬಂದಿದ್ದಾಗ, ರಾಜಧಾನಿಯಾದ ಪೆಟ್ರೋಗ್ರಾಡಿನಲ್ಲಿ ರೊಟ್ಟಿಗಾಗಿ ಜನರು ಅಂಗಡಿಗಳ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದರು. ಫೆಬ್ರವರಿ ೨೩ನೆಯ ತಾರೀಖು ಸ್ತ್ರೀಯರ ದಿನ. ಅಂದು ಬಟ್ಟೆಯ ಗಿರಣಿಗಳ ಹೆಂಗಸರು ಕೆಲಸವನ್ನು ಬಿಟ್ಟು ಬೀದಿಗೆ ಬಂದರು. ೨೭ರಂದು ಅವರನ್ನು ಅಡಗಿಸಬೇಕಾಗಿದ್ದ ಸೈನಿಕರೇ ತಿರುಗಿಬಿದ್ದರು. ಮಾರ್ಚಿ ೨ರಂದು ಎರಡನೆಯ ನಿಕೊಲಸ್ ಚಕ್ರವರ್ತಿಯು ಸಿಂಹಾಸನವನ್ನು ತ್ಯಜಿಸಿದನು. ೧೬೧೩ರಿಂದ ಆಳಿಬಂದಿದ್ದ ರೊಮಾನೊವ್ ವಂಶವು ಎಂಟೇ ದಿನಗಳೊಳಗೆ ಇಲ್ಲವಾಯಿತು. ಆ ಬಳಿಕ ಒಂದೇ ಅರಮನೆಯ ಎರಡು ಭಾಗಗಳಲ್ಲಿ ಎರಡು ಅಧಿಕಾರಗಳು ತಲೆಯೆತ್ತಿದವು. ಒಂದು, ತಾತ್ಕಾಲಿಕ ಸರ್ಕಾರ. ಇನ್ನೊಂದು, ಕಾರ್ಮಿಕರ ಮತ್ತು ಸೈನಿಕರ ಪ್ರತಿನಿಧಿಗಳ ಸಭೆಯಾದ ಸೋವಿಯೆಟ್ಟು. ಏಪ್ರಿಲ್ ೩ರ ರಾತ್ರಿ ಲೆನಿನನು ಪರದೇಶದಿಂದ ಹಿಂದಿರುಗಿದನು. ಅಕ್ಟೋಬರ್ ೨೫ರಂದು ಅವನ ಬೋಲ್ಷೆವಿಕ್ ಪಕ್ಷವು ಅಧಿಕಾರವನ್ನು ಕೈವಶಮಾಡಿಕೊಂಡಿತು.

ಇಷ್ಟೇ ಆಗಿದ್ದರೆ ಇದು ಹತ್ತು ಪುಟಗಳಲ್ಲಿ ಮುಗಿಯಬಹುದಾದ ಕಥೆ. ಇದಕ್ಕೆ ಬಂದಿರುವ ವಿಶೇಷವಾದ ಸ್ವಾರಸ್ಯವು ಇದನ್ನು ಬರೆದವರಿಂದ ಬಂದುದು. ಕುರುಕ್ಷೇತ್ರದ ಯುದ್ಧವನ್ನು ವರ್ಣಿಸಲು ಸಂಜಯನೊಬ್ಬನಿದ್ದನು. ಅವನಿಗೆ ವ್ಯಾಸರು ದಿವ್ಯದೃಷ್ಟಿಯನ್ನು ಅನುಗ್ರಹಿಸಿದ್ದರು. ರಷ್ಯಾದ ಕ್ರಾಂತಿಗೆ ಸಂಜಯರು ಅನೇಕರು, ಆದರೆ ದಿವ್ಯದೃಷ್ಟಿಯು ಒಬ್ಬನಿಗೂ ಇರಲಿಲ್ಲ. ಒಬ್ಬನು ರಾಜಭಕ್ತ, ಒಬ್ಬನು ಸೋತ ಸರ್ಕಾರದ ಮಂತ್ರಿ, ಒಬ್ಬನು ಗೆದ್ದ ದಂಗೆಯ ನಾಯಕ, ಒಬ್ಬನು ಪರದೇಶದ ಪತ್ರಿಕೋದ್ಯೋಗಿ, ಒಬ್ಬನು ಯಾರ ಕಡೆಗೂ ಪೂರ್ಣವಾಗಿ ಸೇರದೆ ಎಲ್ಲರ ನಡುವೆಯೂ ಓಡಾಡಿದವನು. ಪ್ರತಿಯೊಬ್ಬನೂ ತಾನು ನಿಂತಿದ್ದ ಮೂಲೆಯಿಂದ ಕಂಡುದನ್ನು ಬರೆದನು. ಒಬ್ಬನು ಕಾಣದುದು ಇನ್ನೊಬ್ಬನಿಗೆ ಕಂಡಿತು. ಇವರೆಲ್ಲರ ಮಾತುಗಳನ್ನು ಎದುರೆದುರು ಇಟ್ಟು ನೋಡುವುದರಲ್ಲಿಯೇ ಓದಿನ ಸುಖವಿದೆ.

ರಾಜಭಕ್ತನ ಹೆಸರು ಶುಲ್ಗಿನ್. ಇವನು ರಷ್ಯಾದ ಪಾರ್ಲಿಮೆಂಟಾದ ಡೂಮಾದ ಸದಸ್ಯ. ಚಕ್ರವರ್ತಿಯಿಂದ ತ್ಯಾಗಪತ್ರವನ್ನು ಪಡೆಯಲು ಗುಚ್ಕೋವನೊಡನೆ ರೈಲಿನಲ್ಲಿ ಪ್ಸ್ಕೋವ್ ಪಟ್ಟಣಕ್ಕೆ ಹೋದವನು ಇವನೇ. ೧೯೨೦ರ ದಶಕದಲ್ಲಿ ದೇಶಭ್ರಷ್ಟನಾಗಿದ್ದಾಗ ಇವನು ‘ದಿನಗಳು’ ಎಂಬ ಹೆಸರಿನಿಂದ ತನ್ನ ಸ್ಮರಣೆಗಳನ್ನು ಬರೆದನು. ಒಂದು ಸಾಮ್ರಾಜ್ಯವು ಮುಳುಗುತ್ತಿರುವ ಆ ಗಳಿಗೆಯಲ್ಲಿ, ತಾನು ಗಡ್ಡ ಬೋಳಿಸಿಕೊಳ್ಳದೆ, ಸುಕ್ಕುಗಟ್ಟಿದ ಉಡುಪಿನಲ್ಲಿ ದೊರೆಯ ಮುಂದೆ ನಿಲ್ಲಬೇಕಾಯಿತಲ್ಲಾ ಎಂಬ ಸಂಕೋಚವು ಅವನನ್ನು ಬಾಧಿಸಿತು. ದೊಡ್ಡ ಘಟನೆಗಳ ನಡುವೆ ಮನುಷ್ಯನ ಮನಸ್ಸು ಎಂಥ ಸಣ್ಣ ಸಂಗತಿಗಳಿಗೆ ಅಂಟಿಕೊಂಡಿರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಾಗಿಲ್ಲ. ಅದೇ ಪ್ರಕರಣದಲ್ಲಿ ಇತಿಹಾಸದ ವಾಚಕನು ಮರೆಯಬಾರದ ಇನ್ನೊಂದು ಸಂಗತಿಯಿದೆ. ತ್ಯಾಗಪತ್ರಕ್ಕೆ ಸಹಿಯಾದುದು ನಡುರಾತ್ರಿಯ ಸಮೀಪದಲ್ಲಿ. ಆದರೆ ಪತ್ರದಲ್ಲಿ ಕಾಣಿಸಿದ ವೇಳೆ ಮಧ್ಯಾಹ್ನ ೩ ಗಂಟೆ ೫ ನಿಮಿಷ. ತಮ್ಮಿಬ್ಬರ ಒತ್ತಾಯದಿಂದ ದೊರೆಯು ಇಳಿದನೆಂಬ ಮಾತು ಹುಟ್ಟಬಾರದೆಂದು, ತಾವು ಬರುವುದಕ್ಕೆ ಮುಂಚಿನ ವೇಳೆಯನ್ನು ಹಾಕಿಸಿದುದಾಗಿ ಶುಲ್ಗಿನನೇ ಒಪ್ಪಿಕೊಂಡಿದ್ದಾನೆ. ಮುದ್ರೆಯೊತ್ತಿದ ರಾಜಪತ್ರವು ಸುಳ್ಳು ಹೇಳಿತು. ಸ್ಮರಣೆಯ ಪುಸ್ತಕವು ನಿಜವನ್ನು ಹೇಳಿತು.

ಸೋತ ಸರ್ಕಾರದ ಮಂತ್ರಿಯು ಮಿಲ್ಯುಕೋವ್. ಇವನು ವೃತ್ತಿಯಿಂದಲೇ ಇತಿಹಾಸಕಾರ. ಹೆಸರಾಂತ ಕ್ಲ್ಯುಚೆವ್ಸ್ಕಿಯ ಶಿಷ್ಯ. ತಾತ್ಕಾಲಿಕ ಸರ್ಕಾರದಲ್ಲಿ ವಿದೇಶಾಂಗ ಮಂತ್ರಿಯಾಗಿ ಎರಡು ತಿಂಗಳು ಕೆಲಸಮಾಡಿ, ಯುದ್ಧದ ಧ್ಯೇಯಗಳ ವಿಷಯದಲ್ಲಿ ಎದ್ದ ಕೋಲಾಹಲದಿಂದ ಪದವಿಯನ್ನು ಬಿಟ್ಟನು. ತರುವಾಯ ಆ ಕ್ರಾಂತಿಯ ಇತಿಹಾಸವನ್ನು ಬರೆದು, ೧೯೨೧ ಮೊದಲ್ಗೊಂಡು ಬಲ್ಗೇರಿಯಾದ ಸೋಫಿಯಾ ನಗರದಿಂದ ಪ್ರಕಟಿಸಿದನು. ಇವನ ಬರವಣಿಗೆಯಲ್ಲಿ ಬೀದಿಯ ಗದ್ದಲವು ಕೇಳಿಸುವುದು ಕಡಮೆ; ಸಭೆಗಳು, ನಿರ್ಣಯಗಳು, ಪಕ್ಷಗಳ ಲೆಕ್ಕಾಚಾರಗಳು ಹೆಚ್ಚು. ತನ್ನ ಕಾಲದ ರಾಜಕಾರಣವು ಎಲ್ಲಿ ತಪ್ಪಿತೆಂಬುದನ್ನು ಶವಪರೀಕ್ಷೆ ಮಾಡುವ ವೈದ್ಯನಂತೆ ಅವನು ತೋರಿಸುತ್ತಾನೆ. ಆ ಶವವು ತನ್ನ ಆಶೆಗಳದ್ದೇ ಎಂಬುದನ್ನು ವಾಚಕನು ಮರೆಯುವಂತಿಲ್ಲ.

ಗೆದ್ದವರ ಪಕ್ಷದಿಂದ ಬರೆದವನು ಟ್ರಾಟ್ಸ್ಕಿ. ಅಕ್ಟೋಬರಿನಲ್ಲಿ ಪೆಟ್ರೋಗ್ರಾಡ್ ಸೋವಿಯೆಟ್ಟಿನ ಅಧ್ಯಕ್ಷನಾಗಿದ್ದು ದಂಗೆಯನ್ನು ನಡೆಸಿದವನು ಇವನು. ಆದರೆ ಪುಸ್ತಕವನ್ನು ಬರೆಯುವ ವೇಳೆಗೆ ಇವನೂ ಸೋತವನೇ ಆಗಿದ್ದನು. ೧೯೨೯ರಲ್ಲಿ ಸ್ಟಾಲಿನನು ಇವನನ್ನು ದೇಶದಿಂದ ಹೊರಹಾಕಲು, ತುರ್ಕಿಯ ಮಾರ್ಮರಾ ಸಮುದ್ರದ ಪ್ರಿಂಕಿಪೋ ದ್ವೀಪದಲ್ಲಿ ನೆಲಸಿ, ಕ್ರಾಂತಿಯ ಇತಿಹಾಸವನ್ನು ಬರೆದು ಮುಗಿಸಿದನು. ಮ್ಯಾಕ್ಸ್ ಈಸ್ಟ್‌ಮನ್ ಮಾಡಿದ ಅದರ ಇಂಗ್ಲಿಷ್ ಭಾಷಾಂತರವು ೧೯೩೨-೩೩ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಅದರಲ್ಲಿ ಅವನು ತನ್ನನ್ನು ‘ನಾನು’ ಎನ್ನದೆ ‘ಟ್ರಾಟ್ಸ್ಕಿ’ ಎಂದೇ ಕರೆದುಕೊಳ್ಳುತ್ತಾನೆ. ತಾನೇ ರಚಿಸಿದ ಭಾರತದಲ್ಲಿ ವ್ಯಾಸರು ಒಂದು ಪಾತ್ರವಾಗಿ ಬಂದು ಹೋಗುವುದನ್ನು ಬಲ್ಲ ಕನ್ನಡ ವಾಚಕರಿಗೆ ಈ ಕ್ರಮವು ಹೊಸದಾಗಿ ಕಾಣಿಸಲಾರದು. ಆದರೆ ಹೆಸರನ್ನು ದೂರವಿಟ್ಟ ಮಾತ್ರಕ್ಕೆ ಪಕ್ಷಪಾತವೂ ದೂರವಾಗುವುದಿಲ್ಲ. ಇವನ ವಾಕ್ಯಗಳ ಓಟಕ್ಕೆ ಮನಸೋತವನು ಆಗಾಗ ನಿಂತು, ಎದುರಾಳಿಯು ಈ ಮಾತಿಗೆ ಏನೆಂದಾನು ಎಂದು ಕೇಳಿಕೊಳ್ಳಬೇಕು.

ಪರದೇಶದ ಪತ್ರಿಕೋದ್ಯೋಗಿಯು ಅಮೆರಿಕದ ಜಾನ್ ರೀಡ್. ೧೯೧೭ರ ಶರತ್ಕಾಲದಲ್ಲಿ ಪೆಟ್ರೋಗ್ರಾಡಿಗೆ ಬಂದ ಈತನಿಗೆ ಆಗ ಮೂವತ್ತರ ಪ್ರಾಯ. ಸಭೆಗಳಲ್ಲಿ ಕುಳಿತನು, ಬೀದಿಗಳಲ್ಲಿ ಅಲೆದನು, ಗೋಡೆಗಳಿಗೆ ಅಂಟಿಸಿದ್ದ ಪ್ರಕಟನೆಗಳನ್ನು ರಾಶಿರಾಶಿಯಾಗಿ ಕೂಡಿಹಾಕಿದನು. ‘ಜಗತ್ತನ್ನು ನಡುಗಿಸಿದ ಹತ್ತು ದಿನಗಳು’ ಎಂಬ ಅವನ ಪುಸ್ತಕವು ೧೯೧೯ರಲ್ಲಿ ಪ್ರಕಟವಾಯಿತು. ಲೆನಿನನು ಅದಕ್ಕೆ ಮುನ್ನುಡಿಯನ್ನು ಬರೆದುಕೊಟ್ಟನು. ಮಾರನೆಯ ವರ್ಷ ರೀಡನು ಮಾಸ್ಕೋದಲ್ಲಿ ವಿಷಮಜ್ವರದಿಂದ ತೀರಿಕೊಂಡನು. ಅವನ ದೇಹವನ್ನು ಕ್ರೆಮ್ಲಿನ್ ಕೋಟೆಯ ಗೋಡೆಯ ಬಳಿ ಹೂಳಿದರು.

ಎಲ್ಲರ ನಡುವೆ ಓಡಾಡಿದವನೇ ಸುಖಾನೊವ್. ಈ ಐವರಲ್ಲಿ ಪಾಮರರಿಗೆ ಕಡಮೆ ತಿಳಿದವನೂ, ರಸಿಕರು ಹೆಚ್ಚು ಮೆಚ್ಚುವವನೂ ಇವನೇ. ಇವನು ಪತ್ರಿಕಾ ಸಂಪಾದಕ. ಸೋವಿಯೆಟ್ಟಿನ ಮೊದಲ ಕಾರ್ಯಸಮಿತಿಯಲ್ಲಿ ಸೇರಿದ್ದವನು. ಮನಸ್ಸಿನಿಂದ ಮೆನ್ಷೆವಿಕರ ಎಡಪಕ್ಕಕ್ಕೆ ಹತ್ತಿರದವನು. ಕ್ರಾಂತಿಯನ್ನು ಕುರಿತ ಇವನ ಟಿಪ್ಪಣಿಗಳು ೧೯೨೨-೨೩ರಲ್ಲಿ ಏಳು ಸಂಪುಟಗಳಾಗಿ ಅಚ್ಚಾದವು. ಸೈನಿಕರಿಗೆ ಅಧಿಕಾರಿಗಳ ಮೇಲೆ ಹಕ್ಕುಗಳನ್ನು ಕೊಟ್ಟ ‘ಒಂದನೆಯ ಆಜ್ಞೆ’ಯು ಹುಟ್ಟಿದ ಬಗೆಯನ್ನು ಇವನಿಂದಲೇ ತಿಳಿಯಬೇಕು. ಸೊಕೊಲೊವನೆಂಬ ವಕೀಲನು ಮೇಜಿನ ಮುಂದೆ ಕುಳಿತಿದ್ದಾನೆ. ಸುತ್ತಲೂ ಸೈನಿಕರು ಮುತ್ತಿಕೊಂಡು ತಮಗೆ ಬೇಕಾದುದನ್ನು ಹೇಳಿ ಬರೆಯಿಸುತ್ತಿದ್ದಾರೆ. ಒಂದು ಮಹಾಸೈನ್ಯದ ಶಿಸ್ತನ್ನು ಬುಡಮೇಲು ಮಾಡಿದ ಶಾಸನವು ಹೀಗೆ, ಹಳ್ಳಿಯ ಶಾನುಭೋಗನ ಬಳಿ ಅರ್ಜಿ ಬರೆಯಿಸಿದಂತೆ ಹುಟ್ಟಿತು. ಲೆನಿನನು ಬಂದಿಳಿದ ರಾತ್ರಿಯೂ ಸುಖಾನೊವನು ನಿಲ್ದಾಣದಲ್ಲಿದ್ದನು. ಬೋಲ್ಷೆವಿಕರ ಬಿಡಾರಕ್ಕೂ ಹೊಕ್ಕು, ಲೆನಿನನ ಎರಡು ಗಂಟೆಗಳ ಭಾಷಣವನ್ನು ಕೇಳಿದನು. ಆ ಮಾತುಗಳಿಂದ ಲೆನಿನನ ಸ್ವಂತ ಅನುಯಾಯಿಗಳೇ ದಿಗ್ಭ್ರಮೆಗೊಂಡುದನ್ನು ಹೊರಗಿನವನಾದ ಇವನು ಕಂಡು ಬರೆದನು.

ಇಂಥ ಸರ್ವಸಾಕ್ಷಿಯು ಕ್ರಾಂತಿಯ ಅತ್ಯಂತ ಮುಖ್ಯವಾದ ಒಂದು ಸಭೆಯಲ್ಲಿ ಇರಲಿಲ್ಲ. ಆ ಸಭೆಯು ನಡೆದುದಾದರೂ ಅವನ ಸ್ವಂತ ಮನೆಯಲ್ಲಿ! ಅಕ್ಟೋಬರ್ ೧೦ರ ರಾತ್ರಿ ಬೋಲ್ಷೆವಿಕ್ ಪಕ್ಷದ ಕೇಂದ್ರಸಮಿತಿಯ ಹನ್ನೆರಡು ಮಂದಿ, ಕಾರ್ಪೊವ್ಕಾ ನದಿಯ ದಂಡೆಯಲ್ಲಿದ್ದ ಅವನ ಮನೆಯಲ್ಲಿ ಗುಟ್ಟಾಗಿ ಕೂಡಿದರು. ಅವನ ಹೆಂಡತಿ ಬೋಲ್ಷೆವಿಕ್ ಪಕ್ಷದವಳು. ದೂರದ ಕಛೇರಿಯಿಂದ ಆ ರಾತ್ರಿ ಮನೆಗೆ ಬರುವ ಶ್ರಮವನ್ನು ತೆಗೆದುಕೊಳ್ಳಬೇಡವೆಂದು ಆಕೆಯು ಗಂಡನಿಗೆ ಅಕ್ಕರೆಯಿಂದ ಹೇಳಿದ್ದಳು. ಲೆನಿನನು ಗಡ್ಡ ತೆಗೆಸಿ, ಕೃತಕವಾದ ಕೂದಲನ್ನು ಧರಿಸಿ, ವೇಷ ಮರೆಸಿಕೊಂಡು ಬಂದಿದ್ದನು. ಸಶಸ್ತ್ರವಾದ ದಂಗೆಯೇ ಮುಂದಿನ ಕಾರ್ಯವೆಂಬ ನಿರ್ಣಯವು ೧೦ ಮತಗಳಿಂದ ಅಂಗೀಕೃತವಾಯಿತು. ವಿರೋಧವಾಗಿ ಮತಕೊಟ್ಟವರು ಜಿನೋವಿಯೆವ್ ಮತ್ತು ಕಾಮೆನೆವ್ ಎಂಬ ಇಬ್ಬರು. ತನ್ನ ಮನೆಯಲ್ಲಿ ನಡೆದ ಈ ಸಂಗತಿಯನ್ನು ಸುಖಾನೊವನು ತರುವಾಯ ತಿಳಿದು, ತನ್ನ ಪುಸ್ತಕದಲ್ಲಿ ತನ್ನ ಮೇಲೆಯೇ ನಗುತ್ತ ಬರೆದುಕೊಂಡಿದ್ದಾನೆ.

ಇದೇ ಸಭೆಯ ವಿಷಯದಲ್ಲಿ ಜಾನ್ ರೀಡನು ಬೇರೊಂದು ಕಥೆಯನ್ನು ಹೇಳುತ್ತಾನೆ. ಮೊದಲು ದಂಗೆಯ ಸೂಚನೆಯು ಬಿದ್ದುಹೋಯಿತಂತೆ. ಆಗ ಒರಟು ಕಾರ್ಮಿಕನೊಬ್ಬನು ಸಿಟ್ಟಿನಿಂದೆದ್ದು ಗುಡುಗಿದನಂತೆ. ಮತ್ತೆ ಮತ ತೆಗೆದುಕೊಂಡು ಸೂಚನೆಯನ್ನು ಗೆಲ್ಲಿಸಿದರಂತೆ. ಕಥೆಯು ರಮ್ಯವಾಗಿದೆ, ಆದರೆ ಸಭೆಯ ನಡವಳಿಕೆಯ ಪುಸ್ತಕದಲ್ಲಿ ಇದಕ್ಕೆ ಆಧಾರವಿಲ್ಲ. ಸ್ಟಾಲಿನನು ೧೯೨೪ರಲ್ಲಿ ಈ ತಪ್ಪನ್ನು ಎತ್ತಿ ಆಡಿದನು. ಈ ಒಂದು ಮಾತಿನ ಮಟ್ಟಿಗೆ ಅವನು ಹೇಳಿದುದು ಸರಿಯೇ. ತಾನು ಕಣ್ಣಾರೆ ಕಂಡುದನ್ನು ಬರೆಯುವಾಗ ರೀಡನು ನಂಬತಕ್ಕವನು. ಕಿವಿಯಿಂದ ಕೇಳಿದುದನ್ನು ಬರೆಯುವಾಗ ಎಚ್ಚರದಿಂದ ಓದತಕ್ಕವನು. ಎರಡು ಪುಸ್ತಕಗಳನ್ನು ಜೊತೆಯಾಗಿ ಓದಿದವನಿಗೆ ಈ ವಿವೇಕವು ತಾನಾಗಿಯೇ ಹುಟ್ಟುತ್ತದೆ.

ಅಕ್ಟೋಬರ್ ೨೫ರ ರಾತ್ರಿಯ ವಿಷಯದಲ್ಲಿ ಈ ವಿವೇಕವು ಇನ್ನೂ ಹೆಚ್ಚಾಗಿ ಬೇಕು. ಜಗತ್ತಿನ ಜನರು ಆ ರಾತ್ರಿಯನ್ನು ಕಂಡಿರುವುದು ಐಸೆನ್‌ಸ್ಟೈನನು ಹತ್ತನೆಯ ವಾರ್ಷಿಕೋತ್ಸವಕ್ಕಾಗಿ ತೆಗೆದ ‘ಅಕ್ಟೋಬರ್’ ಎಂಬ ಚಲಚ್ಚಿತ್ರದ ಮೂಲಕ. ಅಲ್ಲಿ ಜನಸಮುದ್ರವು ಭೋರ್ಗರೆದು ಚಳಿಗಾಲದ ಅರಮನೆಯ ಮೇಲೆ ನುಗ್ಗುತ್ತದೆ. ನಿಜವಾಗಿ ನಡೆದುದು ಬೇರೆ. ಅರಮನೆಯ ಕಾವಲಿಗೆ ಉಳಿದಿದ್ದವರು ಸೈನಿಕ ಶಾಲೆಯ ಹುಡುಗರು, ಸ್ತ್ರೀಯರ ದಳದ ಒಂದು ಭಾಗ, ಮತ್ತೆ ಕೆಲವರು. ಅವರಲ್ಲಿಯೂ ಅನೇಕರು ಸಂಜೆಯೊಳಗೆ ಜಾರಿಹೋಗಿದ್ದರು. ‘ಅರೋರಾ’ ಎಂಬ ಯುದ್ಧನೌಕೆಯು ಹಾರಿಸಿದುದು ಗುಂಡಿಲ್ಲದ ತೋಪು. ದಂಗೆಯವರು ಚಿಕ್ಕ ಚಿಕ್ಕ ಗುಂಪುಗಳಾಗಿ ಒಳಹೊಕ್ಕರು; ಸತ್ತವರು ಬೆರಳೆಣಿಕೆಯಷ್ಟು. ನಡುರಾತ್ರಿ ಕಳೆದು ಎರಡು ಗಂಟೆಯ ಸುಮಾರಿಗೆ ಆಂಟೊನೊವ್-ಒವ್ಸೆಯೆಂಕೊ ಎಂಬವನು ಒಂದು ಚಿಕ್ಕ ಊಟದ ಕೋಣೆಯಲ್ಲಿ ಮಂತ್ರಿಗಳನ್ನು ಸೆರೆಹಿಡಿದನು. ಪ್ರಧಾನಿಯಾದ ಕೆರೆನ್ಸ್ಕಿಯು ಆ ಬೆಳಗ್ಗೆಯೇ ಸೈನ್ಯವನ್ನು ತರಲು ಮೋಟಾರಿನಲ್ಲಿ ಹೊರಟುಹೋಗಿದ್ದನು. ಅವನು ಸ್ತ್ರೀವೇಷದಿಂದ ಓಡಿದನೆಂಬುದು ಅವನ ವೈರಿಗಳು ಕಟ್ಟಿದ ಕಥೆ.

ಅದೇ ವೇಳೆಗೆ ಸ್ಮೋಲ್ನಿ ಭವನದಲ್ಲಿ ಸೋವಿಯೆಟ್ಟುಗಳ ಮಹಾಸಭೆಯು ಸೇರಿದ್ದಿತು. ಮೆನ್ಷೆವಿಕರ ನಾಯಕನಾದ ಮಾರ್ಟೊವನು, ಎಲ್ಲ ಸಮಾಜವಾದಿ ಪಕ್ಷಗಳೂ ಕೂಡಿ ಸರ್ಕಾರವನ್ನು ರಚಿಸಲು ಸಂಧಾನ ನಡೆಸಬೇಕೆಂದು ಸೂಚಿಸಿದನು. ಸಭೆಯು ಅದನ್ನು ಏಕಕಂಠದಿಂದ ಒಪ್ಪಿತು. ಆದರೆ ಸ್ವಲ್ಪ ಹೊತ್ತಿನಲ್ಲಿಯೇ ದಂಗೆಯನ್ನು ವಿರೋಧಿಸಿದವರು ಸಭಾತ್ಯಾಗ ಮಾಡಿದರು. ಸೋತವರು ಸೇರಬೇಕಾದ ಸ್ಥಳ ಇತಿಹಾಸದ ಕಸದ ತೊಟ್ಟಿಯೆಂದು ಟ್ರಾಟ್ಸ್ಕಿಯು ಹಂಗಿಸಿದನು. ಮಾರ್ಟೊವನೂ ತನ್ನ ಗುಂಪಿನೊಡನೆ ಹೊರನಡೆದನು. ಟ್ರಾಟ್ಸ್ಕಿಯ ಪುಸ್ತಕದಲ್ಲಿ ಈ ಘಳಿಗೆಯು ವಿಜಯದ ಘಳಿಗೆ. ಸುಖಾನೊವನ ಪುಸ್ತಕದಲ್ಲಿ ಅದು ಪಶ್ಚಾತ್ತಾಪದ ಘಳಿಗೆ. ಸಭೆಯನ್ನು ಬಿಟ್ಟುಹೋಗುವುದರ ಮೂಲಕ ತಾವು ಬೋಲ್ಷೆವಿಕರಿಗೆ ಅಡೆತಡೆಯಿಲ್ಲದ ಅಧಿಕಾರವನ್ನು ಒಪ್ಪಿಸಿಕೊಟ್ಟೆವೆಂದು ಅವನು ಮರುಗುತ್ತಾನೆ. ಒಂದೇ ಬಾಗಿಲು, ಒಂದೇ ರಾತ್ರಿ; ಒಬ್ಬನು ಒಳಗೆ ನಿಂತು ನೋಡಿದನು, ಇನ್ನೊಬ್ಬನು ಹೊರಗೆ ಹೋಗುತ್ತ ನೋಡಿದನು.

ಮುಂದಿನ ಕಾಲವು ಈ ಸಾಕ್ಷಿಗಳಿಗೆ ಮಾಡಿದುದನ್ನು ಕೇಳಿದರೆ ಓದಿನ ಸಂತೋಷಕ್ಕೆ ಗಾಂಭೀರ್ಯವು ಕೂಡುತ್ತದೆ. ಸುಖಾನೊವನು ೧೯೩೧ರಲ್ಲಿ ಮೆನ್ಷೆವಿಕರ ಮೇಲೆ ನಡೆಸಿದ ಕಪಟ ವಿಚಾರಣೆಯಲ್ಲಿ ಅಪರಾಧಿಯೆನಿಸಿ, ಕಡೆಗೆ ೧೯೪೦ರಲ್ಲಿ ಗುಂಡಿಗೆ ಬಲಿಯಾದನು. ಅದೇ ವರ್ಷ ಆಗಸ್ಟಿನಲ್ಲಿ ಟ್ರಾಟ್ಸ್ಕಿಯು ಮೆಕ್ಸಿಕೋ ದೇಶದಲ್ಲಿ ಸ್ಟಾಲಿನನ ದೂತನಿಂದ ಹತನಾದನು. ಮಂತ್ರಿಗಳನ್ನು ಸೆರೆಹಿಡಿದ ಆಂಟೊನೊವ್-ಒವ್ಸೆಯೆಂಕೊವನ್ನು ೧೯೩೮ರಲ್ಲಿ ಕೊಂದರು. ರಾಜಭಕ್ತನಾದ ಶುಲ್ಗಿನನನ್ನು ೧೯೪೪ರಲ್ಲಿ ಯುಗೊಸ್ಲಾವಿಯದಲ್ಲಿ ಹಿಡಿದು ತಂದು ಸೆರೆಯಲ್ಲಿಟ್ಟರು. ೧೯೫೬ರಲ್ಲಿ ಬಿಡುಗಡೆಯಾದ ಅವನು ೧೯೭೬ರವರೆಗೆ ಬದುಕಿದ್ದನು. ಸುಖಾನೊವನ ಮನೆಯಲ್ಲಿ ಕೂಡಿದ್ದ ಹನ್ನೆರಡು ಮಂದಿಯಲ್ಲಿ ಆರು ಮಂದಿಯ ಪ್ರಾಣವನ್ನು ತೆಗೆದುದು, ಅಂದು ಅದೇ ಕೋಣೆಯಲ್ಲಿ ಕುಳಿತಿದ್ದ ಸ್ಟಾಲಿನನ ಆಳ್ವಿಕೆಯೇ. ನಿರ್ಣಯಕ್ಕೆ ವಿರೋಧವಾಗಿ ಮತಕೊಟ್ಟ ಇಬ್ಬರೂ ೧೯೩೬ರಲ್ಲಿ ಹತರಾದರು. ಪರವಾಗಿ ಮತಕೊಟ್ಟವರಲ್ಲಿ ಬುಬ್ನೊವ್, ಲೊಮೊವ್, ಸೊಕೊಲ್ನಿಕೊವ್ ಮತ್ತು ಟ್ರಾಟ್ಸ್ಕಿ ಇವರೂ ಅದೇ ಹಾದಿಯನ್ನು ಹಿಡಿಯಬೇಕಾಯಿತು.

ಮನುಷ್ಯರೊಂದಿಗೆ ಪುಸ್ತಕಗಳೂ ಮರೆಯಾದವು. ಲೆನಿನನು ಮೆಚ್ಚಿ ಮುನ್ನುಡಿ ಬರೆದ ರೀಡನ ಪುಸ್ತಕವೂ ಸ್ಟಾಲಿನನ ಕಾಲದಲ್ಲಿ ರಷ್ಯಾದ ವಾಚಕರಿಗೆ ದೊರೆಯದಾಯಿತು. ಅದರಲ್ಲಿ ಟ್ರಾಟ್ಸ್ಕಿಯ ಹೆಸರು ಪುಟಪುಟಕ್ಕೂ ಬರುತ್ತದೆ, ಸ್ಟಾಲಿನನ ಹೆಸರು ಬರುವುದು ಅತ್ಯಲ್ಪ. ಇದೇ ಅದರ ಅಪರಾಧ. ಈ ಪುಸ್ತಕಗಳ ಸ್ಥಳಕ್ಕೆ ೧೯೩೮ರಲ್ಲಿ ಪಕ್ಷದ ಇತಿಹಾಸದ ‘ಸಂಕ್ಷಿಪ್ತ ಪಾಠ’ವೆಂಬ ಒಂದೇ ಗ್ರಂಥವು ಬಂದಿತು. ಅದರ ಪ್ರತಿಗಳು ಕೋಟಿಗಟ್ಟಲೆ ಅಚ್ಚಾದವು. ವಿದ್ಯಾರ್ಥಿಗಳೂ ನೌಕರರೂ ಅದನ್ನು ಓದಲೇಬೇಕಾಗಿದ್ದಿತು. ದಂಗೆಯನ್ನು ನಡೆಸಿದವರು ಅದರಲ್ಲಿ ದ್ರೋಹಿಗಳಾದರು. ಹಳೆಯ ಭಾವಚಿತ್ರಗಳಿಂದಲೂ ಅವರ ಮುಖಗಳನ್ನು ಅಳಿಸಿದರು. ಅದನ್ನು ಓದಿ ಶಿಕ್ಷೆಯಿಂದ ತಪ್ಪಿಸಿಕೊಂಡವರುಂಟು. ಸಂತೋಷಪಟ್ಟವರು ಇದ್ದಾರೆಂದು ಹೇಳುವುದು ಕಷ್ಟ. ಸ್ಟಾಲಿನನ ಮರಣಾನಂತರ ರೀಡನ ಪುಸ್ತಕವು ಮತ್ತೆ ಬೆಳಕಿಗೆ ಬಂದಿತು; ಸುಖಾನೊವ್ ಮತ್ತು ಟ್ರಾಟ್ಸ್ಕಿಯರ ಗ್ರಂಥಗಳು ತಮ್ಮ ನಾಡಿನಲ್ಲಿ ಬಹಿರಂಗವಾಗಿ ಅಚ್ಚಾಗಲು ೧೯೯೦ರ ದಶಕವೇ ಬರಬೇಕಾಯಿತು. ಅಲ್ಲಿಯವರೆಗೆ ಅವುಗಳಿಗೆ ಆಶ್ರಯವಾಗಿದ್ದುದು ಹೊರದೇಶಗಳ ಗ್ರಂಥಾಲಯಗಳು ಮತ್ತು ವಾಚಕರ ಮನೆಗಳು.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಈ ಕ್ರಾಂತಿಯ ಹಿಂದೆಯೇ ಅಂತರ್ಯುದ್ಧವು ಬಂದಿತು. ೧೯೧೮ರ ಜುಲೈಯಲ್ಲಿ ಪದಚ್ಯುತನಾದ ದೊರೆಯನ್ನೂ ಅವನ ಹೆಂಡತಿಮಕ್ಕಳನ್ನೂ ಯೆಕಟೆರಿನ್‌ಬರ್ಗಿನಲ್ಲಿ ಕೊಂದರು. ೧೯೨೧-೨೨ರ ಕ್ಷಾಮದಲ್ಲಿ ಸುಮಾರು ೫೦ ಲಕ್ಷ ಜನರು ಅಳಿದರು. ಇಷ್ಟು ಜನರ ಕಣ್ಣೀರಿನ ಕಥೆಯನ್ನು ಬಿಡುವಿನ ವೇಳೆಯಲ್ಲಿ ಸಂತೋಷಕ್ಕಾಗಿ ಓದುವುದು ಮಾನವಧರ್ಮವೇ? ಈ ಪ್ರಶ್ನೆಯನ್ನು ಭಾರತೀಯ ಅಲಂಕಾರಿಕರು ಬೇರೊಂದು ರೂಪದಲ್ಲಿ ಕೇಳಿಕೊಂಡಿದ್ದರು. ಕರುಣವು ದುಃಖಮೂಲವಾಗಿದ್ದರೂ ಸಹೃದಯನಿಗೆ ಅದು ರಸವಾಗುವುದೇಕೆ ಎಂಬುದು ಅವರ ವಿಚಾರ. ರನ್ನನ ಗದಾಯುದ್ಧವನ್ನು ಓದುವವನು ದುರ್ಯೋಧನನು ಬಿದ್ದುದಕ್ಕೆ ಹಿಗ್ಗುವುದಿಲ್ಲ. ಬಿದ್ದವನ ಮನಸ್ಸಿನೊಳಕ್ಕೆ ಹೊಕ್ಕು ಬರುತ್ತಾನೆ. ಹಾಗೆ ಹೊಕ್ಕು ಬಂದವನ ಹೃದಯವು ಮೊದಲಿಗಿಂತ ವಿಶಾಲವಾಗಿರುತ್ತದೆ.

ಆದರೂ ಕಾವ್ಯಕ್ಕೂ ಇತಿಹಾಸಕ್ಕೂ ಒಂದು ಭೇದವುಂಟು. ಇತಿಹಾಸದಲ್ಲಿ ಸತ್ತವರು ನಿಜವಾಗಿ ಸತ್ತವರು. ಆದುದರಿಂದ ಅವರ ಕಥೆಯಿಂದ ಸುಖಪಡುವವನ ಮೇಲೆ ಒಂದು ಋಣವು ಬೀಳುತ್ತದೆ. ತನಗೆ ಪ್ರಿಯನಾದ ಒಬ್ಬನೇ ಲೇಖಕನನ್ನು ಆರಿಸಿಕೊಂಡು, ಅವನ ವೈರಿಗಳೆಲ್ಲರನ್ನೂ ಮೂರ್ಖರೆಂದು ನಗುತ್ತ ಕುಳಿತವನು ಆ ಋಣವನ್ನು ತೀರಿಸಿದವನಲ್ಲ. ಅವನಿಗೂ ‘ಸಂಕ್ಷಿಪ್ತ ಪಾಠ’ವನ್ನು ಓದಿದವನಿಗೂ ಹೆಚ್ಚು ಅಂತರವಿಲ್ಲ. ಟ್ರಾಟ್ಸ್ಕಿಯನ್ನು ಮೆಚ್ಚಿದವನು ಮಿಲ್ಯುಕೋವನನ್ನೂ ಓದಬೇಕು. ಲೆನಿನನನ್ನು ದ್ವೇಷಿಸುವವನು ರೀಡನ ಕಣ್ಣುಗಳಿಂದ ಒಮ್ಮೆ ಅವನನ್ನು ನೋಡಬೇಕು. ದೊರೆಗಳನ್ನು ಹಳಿಯುವವನು ಶುಲ್ಗಿನನೊಡನೆ ಪ್ಸ್ಕೋವಿನ ರೈಲುಗಾಡಿಯನ್ನು ಹತ್ತಬೇಕು.

ಹೊಸದಾಗಿ ಈ ದಾರಿಯನ್ನು ಹಿಡಿಯುವ ಮನೆಗಳಲ್ಲಿ ಮೊದಲು ರೀಡನನ್ನು ಓದುವುದು ಉಚಿತ. ಅದು ಚಿಕ್ಕದು, ಬಿಸಿಯಾದುದು. ಅನಂತರ ಸುಖಾನೊವ್, ಅವನ ಏಳು ಸಂಪುಟಗಳಿಗೆ ಧೈರ್ಯ ಸಾಲದವರಿಗೆ ೧೯೫೫ರಲ್ಲಿ ಬಂದ ಸಂಕ್ಷಿಪ್ತವಾದ ಇಂಗ್ಲಿಷ್ ಭಾಷಾಂತರವುಂಟು. ಮೂರನೆಯದಾಗಿ ಟ್ರಾಟ್ಸ್ಕಿ. ಬಳಿಕ, ಕ್ರಾಂತಿಯನ್ನು ಕಾಣದ ತಲೆಮಾರಿನ ಪಂಡಿತರು ದಾಖಲೆಗಳನ್ನು ಶೋಧಿಸಿ ಬರೆದುದನ್ನು ನೋಡಬೇಕು. ಅವರಲ್ಲಿ ರಬಿನೊವಿಚ್ ಎಂಬ ಅಮೆರಿಕದ ವಿದ್ವಾಂಸನ ೧೯೭೬ರ ಗ್ರಂಥವು, ಬೋಲ್ಷೆವಿಕ್ ಪಕ್ಷವು ಅಂದು ಒಂದೇ ಮನಸ್ಸಿನ ಪಡೆಯಾಗಿರದೆ, ಭಿನ್ನಾಭಿಪ್ರಾಯಗಳಿಂದ ಕೂಡಿದ್ದು ಜನರ ಒಲವಿಗೆ ಕಿವಿಗೊಡುತ್ತಿದ್ದ ಪಕ್ಷವೆಂಬುದನ್ನು ವಿವರವಾಗಿ ತೋರಿಸಿತು.

ಹೀಗೆ ಓದುತ್ತ ಹೋದವನಿಗೆ ಕಡೆಯಲ್ಲಿ ದೊರೆಯುವುದು ಒಂದು ತೀರ್ಪೇನೂ ಅಲ್ಲ. ತೀರ್ಪನ್ನು ಕೊಡುವ ಅವಸರವು ಅವನಿಗಿಲ್ಲ. ನಾಳೆಯ ರಾತ್ರಿಯೂ ದೀಪವಿದೆ, ಇನ್ನೊಂದು ಪುಸ್ತಕವಿದೆ. ತನ್ನದೇ ಮನೆಯಲ್ಲಿ ನಡೆದ ಸಭೆಯನ್ನು ಕಾಣದೆ ಹೋದ ಸುಖಾನೊವನ ಕಥೆಯು ಅವನಿಗೆ ಒಂದು ಮಾತನ್ನು ಕಲಿಸಿರುತ್ತದೆ: ಎಷ್ಟೇ ಸಮೀಪದಲ್ಲಿದ್ದವನಿಗೂ ಕಾಣದುದು ಸ್ವಲ್ಪ ಉಳಿದೇ ಇರುತ್ತದೆ, ಅದನ್ನು ಇನ್ನೊಬ್ಬನಿಂದಲೇ ಕೇಳಿ ತಿಳಿಯಬೇಕು. ಇದನ್ನು ಕಲಿತವರು ಹೆಚ್ಚಾಗಿರುವ ನಾಡಿನಲ್ಲಿ, ಒಂದೇ ಪುಸ್ತಕವನ್ನು ಎಲ್ಲರ ಕೈಗೂ ಕೊಟ್ಟು ಉಳಿದುವನ್ನು ಸುಡುವ ಕೆಲಸವು ಅಷ್ಟು ಸುಲಭವಾಗಿ ಸಾಗಲಾರದು.